ಹಗೇವಿನ ಗಣಿತ

ಕನ್ನಡದಲ್ಲಿ ‘ಕೊಬ್ಬು’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಒಂದು ಮೈಯೊಳಗಿನ ಮೇದಸ್ಸು, ಇನ್ನೊಂದು ಸೊಕ್ಕು. ‘ಅವನಿಗೆ ಕೊಬ್ಬು ಹೆಚ್ಚಾಗಿದೆ’ ಎಂದರೆ ಯಾರೂ ತಕ್ಕಡಿ ತರಲು ಓಡುವುದಿಲ್ಲ. ಮನೆಯೊಳಗೆ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ಜಯಸಿಂಗಪುರದ ನಮಗೆ ಮರಾಠಿಯ ‘ಚರಬಿ’ಯೂ ಇದೇ ಎರಡು ಅರ್ಥಗಳಲ್ಲಿ ಪರಿಚಿತ. ಎರಡು ಭಾಷೆಗಳೂ ಕೂಡಿ ಒಂದೇ ತೀರ್ಪು ಕೊಟ್ಟಂತಾಗಿದೆ: ಕೊಬ್ಬು ಎಂದರೆ ದುಡಿಯದೆ ಉಂಡವನ ಮೈಗೆ ಸೇರುವ ದೋಷ, ಇಳಿಸಬೇಕಾದ ಹೊರೆ. ಕೊಬ್ಬಿನ ಜೀವಕೋಶ ಹೇಗೆ ಹುಟ್ಟಿ ಬೆಳೆಯುತ್ತದೆ ಎಂಬುದನ್ನು ಗಣಕಯಂತ್ರದ ನೆರವಿನಿಂದ ಅರಿಯುವ ಕೆಲಸದಲ್ಲಿ ಕೆಲವು ವರ್ಷ ತೊಡಗಿದ ಮೇಲೆ, ಈ ತೀರ್ಪನ್ನು ಮರುವಿಚಾರಣೆಗೆ ಒಪ್ಪಿಸಬೇಕೆಂದು ನನಗೆ ಅನ್ನಿಸಿದೆ.

ಇದಕ್ಕೆ ಮನೆಯ ಕಾರಣವೂ ಉಂಟು. ನನ್ನ ತಂದೆ ಇಚಲಕರಂಜಿಯ ಮಗ್ಗದ ಕಾರಖಾನೆಯೊಂದರಲ್ಲಿ ದುಡಿದವರು. ಬಹುಪಾಲು ರಾತ್ರಿ ಪಾಳಿ. ಮೈ ಕಡ್ಡಿಯಂತೆ ಇತ್ತು. ಆದರೂ ನಲವತ್ತು ದಾಟುತ್ತಿದ್ದಂತೆ ಸಕ್ಕರೆ ಕಾಯಿಲೆ ಅಂಟಿಕೊಂಡಿತು. “ಮೈಯಾಗ ಹನಿ ಕೊಬ್ಬಿಲ್ಲ, ಸಾವಕಾರರ ಬ್ಯಾನಿ ನಿಮಗ ಎಲ್ಲಿಂದ ಬಂತ್ರೀ?” ಎಂದು ಅವ್ವ ಕೇಳಿದ್ದಳು. ಅವಳ ಪ್ರಶ್ನೆ ಶಾಸ್ತ್ರೀಯವಾಗಿಯೂ ಸರಿಯಾದ ಪ್ರಶ್ನೆಯೇ ಆಗಿತ್ತು.

ಉತ್ತರದ ಒಂದು ತುದಿ ಪುಣೆಯಲ್ಲಿದೆ. ಅಲ್ಲಿನ ಕೆ.ಇ.ಎಂ. ಆಸ್ಪತ್ರೆಯ ವೈದ್ಯ ಚಿತ್ತರಂಜನ ಯಾಜ್ಞಿಕ ಮತ್ತು ಬ್ರಿಟನ್ನಿನ ವೈದ್ಯ ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರದೇ ಚಿತ್ರವನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರಲ್ಲಿಯೂ 22.3. ಆದರೆ ಮೈಯ ಕೊಬ್ಬು ಯುಡ್ಕಿನ್ನರಲ್ಲಿ ನೂರಕ್ಕೆ 9.1, ಯಾಜ್ಞಿಕರಲ್ಲಿ 21.2. ತಕ್ಕಡಿಗೆ ಕಾಣದ್ದು ಮೈಯೊಳಗೆ ಇತ್ತು. ಪುಣೆಯ ಸುತ್ತಲಿನ ಹಳ್ಳಿಗಳಲ್ಲಿ 1993ರಿಂದ ನಡೆದ ಅಧ್ಯಯನದಲ್ಲಿ ಹಸುಗೂಸುಗಳ ಸರಾಸರಿ ತೂಕ ಸುಮಾರು 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ನಿನ ಕೂಸುಗಳದು ಸುಮಾರು 3.5. ನಮ್ಮ ಕೂಸುಗಳಲ್ಲಿ ಸ್ನಾಯು ಕಡಿಮೆ, ಹೊಟ್ಟೆಯ ಅಂಗಗಳು ಸಣ್ಣವು. ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಹೆಚ್ಚು ಕುಗ್ಗಿರಲಿಲ್ಲ. ಕನ್ನಡನಾಡಿನ ಮೈಸೂರಿನಲ್ಲಿಯೂ ಇಂಥದೇ ಒಂದು ಹುಡುಕಾಟ ನಡೆಯಿತು. ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಬರೆದಿಟ್ಟ ನವಜಾತ ಶಿಶುಗಳ ತೂಕ, ಉದ್ದದ ದಾಖಲೆಗಳನ್ನು ದಶಕಗಳ ನಂತರ ತೆರೆದು, ಆ ಶಿಶುಗಳು ನಡುವಯಸ್ಸಿನವರಾದಾಗ ಅವರಲ್ಲಿ ಮಧುಮೇಹ ಎಷ್ಟಿದೆಯೆಂದು ಪರೀಕ್ಷಿಸಲಾಯಿತು.

ಹಾಗಾದರೆ ಕೊಬ್ಬೇ ವೈರಿಯೇ? ಇಲ್ಲಿ ನಮ್ಮ ಭಾಗದ ಹಿರಿಯರು ಬಲ್ಲ ಒಂದು ವಸ್ತುವನ್ನು ನೆನೆಯಬೇಕು: ಹಗೇವು. ಜೋಳವನ್ನು ನೆಲದೊಳಗೆ ಕಾಪಿಡುವ ಕಣಜ. ಸುಗ್ಗಿ ಚೆನ್ನಾಗಿದ್ದು ಹಗೇವು ಸಾಲದಿದ್ದರೆ ಕಾಳು ಅಂಗಳದಲ್ಲಿ ಬಿದ್ದು ಕೊಳೆಯುತ್ತದೆ, ಇಲಿ ಹೆಗ್ಗಣಗಳ ಪಾಲಾಗುತ್ತದೆ. ಕೊಬ್ಬಿನ ಜೀವಕೋಶ ಮೈಯ ಹಗೇವು. ಅದು ತುಂಬಿ, ಹೊಸದು ಹುಟ್ಟದೆ ಹೋದರೆ, ಕೊಬ್ಬು ಯಕೃತ್ತು ಮತ್ತು ಸ್ನಾಯುಗಳೊಳಗೆ ಸೇರಿ ಇನ್ಸುಲಿನ್ನಿನ ಕೆಲಸ ಕೆಡಿಸುತ್ತದೆ. ಹುಟ್ಟಿನಿಂದಲೇ ಕೊಬ್ಬಿನ ಜೀವಕೋಶಗಳು ಬೆಳೆಯದ ಅಪರೂಪದ ರೋಗವೊಂದಿದೆ. ಆ ರೋಗಿಗಳು ತೀರ ತೆಳ್ಳಗಿರುತ್ತಾರೆ. ಉಗ್ರ ಮಧುಮೇಹವೂ ಅವರನ್ನು ಕಾಡುತ್ತದೆ. ಕೊಬ್ಬು ಎಷ್ಟಿದೆ ಎನ್ನುವುದರಷ್ಟೇ ಅದಕ್ಕೆ ತಕ್ಕ ಜಾಗವಿದೆಯೇ ಎನ್ನುವುದೂ ಮುಖ್ಯ.

ಹಗೇವು ಯಾವಾಗ ತೋಡಲ್ಪಡುತ್ತದೆ? ಸ್ವೀಡನ್ನಿನ ಕ್ಯಾರೊಲಿನ್‌ಸ್ಕಾ ಸಂಸ್ಥೆಯ ಕರ್ಸ್ಟಿ ಸ್ಪಾಲ್ಡಿಂಗ್ ಮತ್ತು ಸಂಗಡಿಗರು 2008ರಲ್ಲಿ ಇದಕ್ಕೆ ವಿಚಿತ್ರವಾದ ದಾರಿಯಿಂದ ಉತ್ತರ ಕಂಡರು. ಶೀತಲ ಸಮರದ ಕಾಲದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ವಿಕಿರಣಶೀಲ ಇಂಗಾಲ ಎಲ್ಲ ಜೀವಿಗಳ ಡಿಎನ್‌ಎಯಲ್ಲಿಯೂ ತನ್ನ ಗುರುತು ಬಿಟ್ಟಿದೆ. ಆ ಗುರುತನ್ನು ಅಳೆದು, ಗಣಿತದ ಮಾದರಿಗೆ ಕೂಡಿಸಿ, ಕೊಬ್ಬಿನ ಜೀವಕೋಶಗಳ ವಯಸ್ಸನ್ನು ಲೆಕ್ಕ ಹಾಕಿದರು. ಅವುಗಳ ಸಂಖ್ಯೆ ಬಹುಮಟ್ಟಿಗೆ ಬಾಲ್ಯ, ಹರೆಯಗಳಲ್ಲಿಯೇ ನಿಶ್ಚಯವಾಗುತ್ತದೆ. ಆಮೇಲೆ ವರ್ಷಕ್ಕೆ ಸುಮಾರು ನೂರಕ್ಕೆ ಹತ್ತರಷ್ಟು ಸತ್ತು, ಅಷ್ಟೇ ಹೊಸವು ಹುಟ್ಟುತ್ತವೆ.

ಹುಟ್ಟುವ ಬಗೆಯೇ ನನ್ನನ್ನು ಹಿಡಿದು ನಿಲ್ಲಿಸಿದ ವಿಷಯ. ಎಳೆಯ ಜೀವಕೋಶವೊಂದು ಕೊಬ್ಬಿನದಾಗಬಹುದು, ಆಗದೆಯೂ ಇರಬಹುದು. ಮಹಾಬಳೇಶ್ವರದ ನೆತ್ತಿಯ ಮೇಲೆ ಬಿದ್ದ ಹನಿಯನ್ನು ನೆನೆಯಿರಿ. ಕೊಂಚ ಪೂರ್ವಕ್ಕೆ ಜಾರಿದರೆ ಕೃಷ್ಣೆಯಾಗಿ ನಮ್ಮ ನರಸೋಬಾವಾಡಿಯಲ್ಲಿ ಪಂಚಗಂಗೆಯನ್ನು ಕೂಡಿಕೊಂಡು ಬಂಗಾಳ ಕೊಲ್ಲಿಗೆ. ಕೊಂಚ ಪಶ್ಚಿಮಕ್ಕೆ ಜಾರಿದರೆ ಸಾವಿತ್ರಿಯಾಗಿ ಅರಬ್ಬಿ ಸಮುದ್ರಕ್ಕೆ. ಜೀವಕೋಶದ ಭವಿಷ್ಯವನ್ನು ಬ್ರಿಟನ್ನಿನ ವಾಡಿಂಗ್‌ಟನ್ 1957ರಲ್ಲಿ ಹೀಗೆಯೇ, ಇಳಿಜಾರಿನ ಕಣಿವೆಗಳ ಚಿತ್ರದಿಂದ ವಿವರಿಸಿದ್ದರು. ಈ ನೆತ್ತಿಯ ಗುರುತು ಸಿಕ್ಕಿದ್ದು 1994ರಲ್ಲಿ. ಪಿಪಿಎಆರ್-ಗಾಮಾ ಎಂಬ ಪ್ರೋಟೀನನ್ನು ಹೆಚ್ಚಿಸಿದರೆ ಬೇರೆ ಜಾತಿಯ ಜೀವಕೋಶವೂ ಕೊಬ್ಬಿನದಾಗುತ್ತದೆ ಎಂದು ಅಮೆರಿಕದ ಬ್ರೂಸ್ ಸ್ಪೀಗಲ್‌ಮನ್ ಅವರ ಪ್ರಯೋಗಶಾಲೆ ತೋರಿಸಿತು. ಈ ಪ್ರೋಟೀನು ತನ್ನ ಜೊತೆಗಾರರನ್ನು ಎಬ್ಬಿಸುತ್ತದೆ, ಅವು ಮರಳಿ ಇದನ್ನೇ ಹೆಚ್ಚಿಸುತ್ತವೆ. ಒಂದು ಮಟ್ಟ ದಾಟಿದ ಮೇಲೆ ಹಿಂದಿರುಗುವ ದಾರಿಯಿಲ್ಲ.

ಇಲ್ಲಿ ಗಣಕಯಂತ್ರ ಏನು ಮಾಡುತ್ತದೆ ಎಂದು ಸಾಹಿತ್ಯದ ಗೆಳೆಯರು ಕೇಳುವುದುಂಟು. ಜಯಸಿಂಗಪುರದಿಂದ ಶಿರೋಳದ ಕಡೆಗೆ ಒಂದು ದಿನ ನಡೆದು ಹೋದರೆ ಒಂದು ಹೊಲದಲ್ಲಿ ಈಗ ತಾನೇ ನಾಟಿದ ಕಬ್ಬು, ಇನ್ನೊಂದರಲ್ಲಿ ಮೊಳಕಾಲೆತ್ತರದ್ದು, ಮತ್ತೊಂದರಲ್ಲಿ ಕಡಿಯಲು ಬಂದದ್ದು ಕಾಣುತ್ತದೆ. ಎಲ್ಲವನ್ನೂ ಒಂದೇ ದಿನ ನೋಡಿ, ಎಳೆಯದರಿಂದ ಬಲಿತದರವರೆಗೆ ಸಾಲಾಗಿ ಜೋಡಿಸಿದರೆ, ವರ್ಷಗಟ್ಟಲೆ ಕಾಯದೆಯೇ ಕಬ್ಬಿನ ಬಾಳು ಅರ್ಥವಾಗುತ್ತದೆ. ಇಂದು ಸಾವಿರಾರು ಜೀವಕೋಶಗಳನ್ನು ಬಿಡಿಬಿಡಿಯಾಗಿ ತೆಗೆದು, ಸುಮಾರು ಇಪ್ಪತ್ತು ಸಾವಿರ ವಂಶವಾಹಿಗಳಲ್ಲಿ ಯಾವುವು ಎಷ್ಟು ಎಚ್ಚರವಾಗಿವೆ ಎಂದು ಪ್ರತಿಯೊಂದರಲ್ಲಿಯೂ ಓದಬಹುದು. ಓದುವುದೆಂದರೆ ಜೀವಕೋಶ ಅಲ್ಲಿಗೆ ಸತ್ತಂತೆ. ಅದೇ ಕೋಶವನ್ನು ನಾಳೆ ಮತ್ತೆ ನೋಡಲಾಗದು. ಆದ್ದರಿಂದ ಕಬ್ಬಿನ ಹೊಲಗಳಂತೆ ಅವುಗಳನ್ನು ಹೋಲಿಕೆಯ ಮೇಲೆ ಸಾಲುಗೂಡಿಸಿ, ಇಲ್ಲದ ಕಾಲವನ್ನು ಲೆಕ್ಕದಿಂದ ಕಟ್ಟಬೇಕು. ಆ ಸಾಲಿನಲ್ಲಿ ಕವಲೊಡೆಯುವ ಜಾಗವೇ ನಾವು ಹುಡುಕುವ ನೆತ್ತಿ. ಕೋಟಿಗಟ್ಟಲೆ ಅಂಕಿಗಳ ಈ ಜೋಡಣೆ ಮನುಷ್ಯನ ಕೈಲಾಗುವುದಲ್ಲ.

ಇನ್ನೊಂದು ದಾರಿ ಸಮೀಕರಣಗಳದು. ಸ್ಟ್ಯಾನ್‌ಫರ್ಡಿನಲ್ಲಿ ಮೇರಿ ಟೆರುಯೆಲ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಕೆಲಸ ನನಗೆ ಅಚ್ಚುಮೆಚ್ಚು. ಕೊಬ್ಬಿನ ಜೀವಕೋಶ ಹುಟ್ಟಲು ಪ್ರೇರಿಸುವ ಒತ್ತಡದ ಹಾರ್ಮೋನು ನಮ್ಮ ಮೈಯಲ್ಲಿ ದಿನವೂ ಬೆಳಗ್ಗೆ ಏರಿ ರಾತ್ರಿ ಇಳಿಯುತ್ತದೆ. ದಿನವೂ ಏರುವುದಾದರೆ ನಾವೆಲ್ಲ ಬರಿಯ ಕೊಬ್ಬಾಗಬೇಕಿತ್ತಲ್ಲ? ಗಣಿತದ ಮಾದರಿ ಮತ್ತು ಇಲಿಯ ಜೀವಕೋಶಗಳೆರಡೂ ಒಂದೇ ಉತ್ತರ ಕೊಟ್ಟವು: ಹಾರ್ಮೋನು ಇಳಿದ ಹೊತ್ತಿನಲ್ಲಿ ಪಿಪಿಎಆರ್-ಗಾಮಾ ಬೇಗ ಕರಗಿ, ಕೋಶ ನೆತ್ತಿ ದಾಟದೆ ಹಿಂದಕ್ಕೆ ಸರಿಯುತ್ತದೆ. ಇರುಳಿನ ಆ ಬಿಡುವನ್ನು ಅಳಿಸಿ ಹಾರ್ಮೋನನ್ನು ಒಂದೇ ಮಟ್ಟದಲ್ಲಿ ಇರಿಸಿದಾಗ ದಾಟುವ ಕೋಶಗಳು ಹೆಚ್ಚಿದವು. ಹಾಗೆ ಮಾಡಿದ ಇಲಿಗಳ ಮೈಯಲ್ಲಿ ಕೊಬ್ಬು ಗಣನೀಯವಾಗಿ ಬೆಳೆಯಿತು. ದೇಹ ಪ್ರಮಾಣವನ್ನಷ್ಟೇ ಅಲ್ಲ, ಹೊತ್ತನ್ನೂ ಲೆಕ್ಕಕ್ಕೆ ಹಿಡಿಯುತ್ತದೆ.

ಇದು ಇಲಿಯ ಮಾತು. ತೆಳ್ಳಗೇ ಉಳಿದ ನನ್ನ ತಂದೆಯ ಕಾಯಿಲೆಗೆ ಇದು ವಿವರಣೆಯಲ್ಲ. ಆದರೆ ಇರುಳೆಲ್ಲ ಮಗ್ಗದ ಮುಂದೆ ನಿಂತವರ ಊರಿನವನಾಗಿ, ಹೊತ್ತಿಗೂ ಮೈಗೂ ಇರುವ ನಂಟಿನ ಈ ಮಾತನ್ನು ನಾನು ಸುಮ್ಮನೆ ಓದಿ ಮಡಚಿಡಲಾರೆ. ಇಂಥ ಪ್ರಶ್ನೆಗಳನ್ನು ಕೇಳಬೇಕಾದವರು ಇಲ್ಲಿಯ ಜನ, ಉತ್ತರ ಇರುವುದೂ ಇಲ್ಲಿಯ ಮೈಗಳಲ್ಲಿ. ನಾನು ದಿನವೂ ತೆರೆಯುವ ದತ್ತಾಂಶಗಳಲ್ಲಿ ಹೆಚ್ಚಿನವು ಅಮೆರಿಕ, ಯುರೋಪಿನ ಜನರ ಜೀವಕೋಶಗಳವು. ತೆಳ್ಳಗಿದ್ದೂ ಒಳಗೆ ಕೊಬ್ಬು ಹೊತ್ತ ನಮ್ಮ ಮೈಯ ಹಗೇವುಗಳು ಹೇಗೆ ಹುಟ್ಟುತ್ತವೆ ಎಂಬುದನ್ನು ಅವುಗಳಿಂದ ಪೂರ್ತಿಯಾಗಿ ಊಹಿಸಲಾಗದು.

ನಾಳೆ ಗಡಹಿಂಗ್ಲಜದ ಹಳ್ಳಿಯೊಂದರ ಬಾಣಂತಿಯನ್ನೋ, ಇಚಲಕರಂಜಿಯ ನೇಕಾರನನ್ನೋ ‘ನಿಮ್ಮ ಮೈಯ ಒಂದು ಚೂರು ಕೊಡುತ್ತೀರಾ’ ಎಂದು ಕೇಳುವ ದಿನ ಬರಬೇಕು. ಆ ದಿನ ಅವರು ಅರಿಯದ ಭಾಷೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆಯಾಗದು. ಏನನ್ನು ತೆಗೆಯುತ್ತಾರೆ, ಏಕೆ, ಅದರಿಂದ ಯಾರಿಗೆ ಏನು ಎಂಬುದು ಅವರ ಮನೆಮಾತಿನಲ್ಲಿ ತಿಳಿಯಬೇಕು. ಅದಕ್ಕೆ ಬೇಕಾದ ಕನ್ನಡವನ್ನು ಸಿದ್ಧಪಡಿಸುವುದು ವಿಜ್ಞಾನಿಯೊಬ್ಬನ ಕೆಲಸವಲ್ಲ. ಇಂಥ ಸಮ್ಮೇಳನಗಳಲ್ಲಿ ಸೇರುವ ನಮ್ಮೆಲ್ಲರದೂ ಹೌದು. ಪದಗಳು ಹೊಸದಾಗಿಯೇ ಹುಟ್ಟಬೇಕಿಲ್ಲ. ಹಗೇವು, ಕುಳೆ, ಪಾಳಿ, ಕವಲು, ಎಲ್ಲವೂ ನಮ್ಮಲ್ಲಿವೆ. ‘ಕೊಬ್ಬು’ ಎಂಬ ಮಾತಿನಿಂದ ಸೊಕ್ಕಿನ ಅರ್ಥವನ್ನು ಯಾರೂ ಕಿತ್ತುಹಾಕಲಾರರು, ಹಾಕುವುದೂ ಬೇಡ. ದಪ್ಪಗಿರುವ ಮಗುವನ್ನು ನೋಡಿ ನಗುವಾಗ, ತೆಳ್ಳಗಿರುವವನನ್ನು ನೋಡಿ ‘ಇವನಿಗೆ ಏನೂ ಆಗದು’ ಎನ್ನುವಾಗ ಮಾತ್ರ, ಆ ಪದ ಮೈಯ ಬಗ್ಗೆ ಕೊಟ್ಟ ತೀರ್ಪು ಅವಸರದ್ದು ಎಂಬುದನ್ನು ನೆನಪಿಡೋಣ.