ತುಟಿಯ ವಿದ್ಯೆ

ಸಂಜೆ ನಮ್ಮ ಮನೆಯ ಮುಂದೆ ಹಾದುಹೋಗುವವರು ಒಳಗೆ ದುಂಬಿ ಹೊಕ್ಕಿದೆಯೆಂದುಕೊಂಡರೆ ಆಶ್ಚರ್ಯವಿಲ್ಲ. ಟ್ರಂಪೆಟನ್ನು ಪೆಟ್ಟಿಗೆಯಲ್ಲೇ ಬಿಟ್ಟು, ಮೌತ್‌ಪೀಸನ್ನಷ್ಟೇ ತುಟಿಗಿಟ್ಟುಕೊಂಡು ನಾನು ಗುಂಯ್‌ಗುಡುತ್ತಿರುತ್ತೇನೆ. ಮದುವೆ ಮೆರವಣಿಗೆಗಳಲ್ಲಿ ಊದಿ ಹಣ್ಣಾದ ನನ್ನ ಬ್ಯಾಂಡ್ ಮಾಸ್ಟರು ಹಾಕಿಕೊಟ್ಟ ಪಾಠ ಇದು. “ಹಿತ್ತಾಳೆಗೇನು ಗೊತ್ತು ಸಾರ್? ಮೊದಲು ತುಟಿ ಹಾಡಲಿ” ಎನ್ನುತ್ತಾರೆ. ಈ ಹಾಡಿನ ರಾಗ ಯಾವುದೆಂದು ನನ್ನ ಹೆಂಡತಿ ಇನ್ನೂ ಹುಡುಕುತ್ತಿದ್ದಾಳೆ.

ಮಾಸ್ಟರ ಮಾತು ವಿಜ್ಞಾನವೂ ಒಪ್ಪುವಂಥದ್ದೇ. ಓಲಗದವರ ಬಾಯಲ್ಲಿ ನಡುಗುವುದಕ್ಕೆ ಹುಲ್ಲಿನ ಎಸಳುಗಳಿವೆ. ಟ್ರಂಪೆಟಿನಲ್ಲಿ ನಡುಗಬೇಕಾದದ್ದು ನಮ್ಮ ತುಟಿಯೇ. 440 ಹರ್ಟ್ಝ್‌ನ ಸ್ವರ ಬೇಕಾದರೆ ಅದು ಸೆಕೆಂಡಿಗೆ 440 ಸಲ ತೆರೆದು ಮುಚ್ಚಬೇಕು. ಶಂಖ, ಕೊಂಬು, ಕಹಳೆಗಳದ್ದೂ ಇದೇ ವಿದ್ಯೆ. ಆ ಲೆಕ್ಕದಲ್ಲಿ ಜಾಗಟೆ ಬಡಿದು ಶಂಖ ಊದುವ ನಮ್ಮ ದಾಸಯ್ಯ, ಜಾಝ್ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗನಿಗೆ ದಾಯಾದಿ.

ಲೋಹವನ್ನು ಮನುಷ್ಯ ಬೇಕಾದಷ್ಟು ತಿದ್ದಿದ. ಪ್ರಾಚೀನ ಈಜಿಪ್ಟಿನ ದೊರೆ ಟುಟಾಂಖಾಮನ್ ಗೋರಿಯಲ್ಲಿ ಸಿಕ್ಕ ತುತ್ತೂರಿಗಳನ್ನು 1939ರಲ್ಲಿ ಬಿಬಿಸಿ ರೇಡಿಯೋಗಾಗಿ ಊದಿಸಿದರು. ಅವು ಬರೀ ಕೊಳವೆಗಳು. ತುಟಿಗೆ ಒಲಿದಷ್ಟೇ ಸ್ವರ. 1818ರಲ್ಲಿ ಸ್ಟೋಲ್ಜೆಲ್ ಮತ್ತು ಬ್ಲೂಮೆಲ್ ಎಂಬಿಬ್ಬರು ಜರ್ಮನರು ವಾಲ್ವ್‌ಗೆ ಪೇಟೆಂಟ್ ಪಡೆದ ಮೇಲೆ ಬೆರಳಿಗೂ ಕೆಲಸ ಬಂತು. ಹಾಗೆಂದು ತುಟಿಗೆ ರಜೆ ಸಿಗಲಿಲ್ಲ. ವಾಲ್ವ್‌ಗಳು ಮೂರೇ, ಒಂದೇ ಬೆರಳಿನಲ್ಲಿ ಹಲವು ಸ್ವರಗಳು ಕಾದು ಕೂತಿರುತ್ತವೆ, ಯಾವುದು ಹೊರಬರಬೇಕೆಂದು ಆರಿಸುವುದು ತುಟಿ. ಪ್ಯಾರಿಸ್ಸಿನ ಅರ್ಬಾನ್ 1864ರಲ್ಲಿ, ಟ್ರಂಪೆಟಿನ ಹತ್ತಿರದ ನೆಂಟನಾದ ಕಾರ್ನೆಟ್‌ಗೆಂದು ಹೊರತಂದ ಅಭ್ಯಾಸದ ಪುಸ್ತಕವನ್ನು ಕಲಿಯುವವರು ಇಂದಿಗೂ ತಿರುವಿಹಾಕುವುದು ಸುಮ್ಮನೆ ಅಲ್ಲ.

ತಾರಸ್ವರ ಬಾರದಿದ್ದಾಗ ಕೈ ತಾನಾಗಿಯೇ ವಾದ್ಯವನ್ನು ಬಾಯಿಗೆ ಒತ್ತುತ್ತದೆ. ಒತ್ತಿದರೆ ರಕ್ತ ಓಡಾಡದೆ ತುಟಿ ಮರಗಟ್ಟುತ್ತದೆ, ಇದ್ದ ಸ್ವರವೂ ಹೋಗುತ್ತದೆ. ಬಾಯಿಯ ಎರಡು ಮೂಲೆ ಬಿಗಿಯಾಗಿ, ನಡುವಿನ ತುಟಿ ಸಡಿಲವಾಗಿ ಇರಬೇಕು. ಉಸಿರು ಹೊಟ್ಟೆಯಿಂದ ಬರಬೇಕು. ಮೇಲಿನ ಸ್ವರಗಳಿಗೆ ಹಟ ಹಿಡಿದ ಆರ್ಮ್‌ಸ್ಟ್ರಾಂಗ್, ತುಟಿ ಒಡೆದು 1930ರ ದಶಕದಲ್ಲಿ ತಿಂಗಳುಗಟ್ಟಲೆ ಟ್ರಂಪೆಟ್ ಕೆಳಗಿಡಬೇಕಾಯಿತು. ತುಟಿಯ ಸ್ನಾಯು ಹರಿಯುವ ತೊಂದರೆಗೆ ಅವನ ಅಡ್ಡಹೆಸರಿನಿಂದಲೇ ‘ಸ್ಯಾಚ್ಮೋ ಸಿಂಡ್ರೋಮ್’ ಎನ್ನುತ್ತಾರೆ.

ಕೆನ್ನೆ ಉಬ್ಬಿಸಬಾರದೆಂಬುದು ಇನ್ನೊಂದು ಕಟ್ಟಳೆ. ಜಾಝ್ ಟ್ರಂಪೆಟ್ ವಾದಕ ಡಿಜ್ಜಿ ಗಿಲೆಸ್ಪಿ ಕೆನ್ನೆ ಉಬ್ಬಿಸಿಯೇ ಲೋಕ ಗೆದ್ದನಲ್ಲ ಎಂದು ನಾನು ವಾದ ಹೂಡಿದೆ. “ಅವರಷ್ಟು ನುಡಿಸಿ ಸಾರ್, ಆಮೇಲೆ ಉಬ್ಬಿಸೋರಂತೆ” ಎಂದು ಮಾಸ್ಟರು ವಾದ ಮುಗಿಸಿದರು.

ನಿಮ್ಮ ಮಕ್ಕಳು ಟ್ರಂಪೆಟ್ ಕಲಿಯುತ್ತೇವೆಂದರೆ ದುಬಾರಿ ವಾದ್ಯಕ್ಕೆ ಅವಸರಪಡಬೇಡಿ. ದಿನಾ ಸ್ವಲ್ಪ ಹೊತ್ತು, ಮೆಲ್ಲಗೆ, ಉದ್ದನೆಯ ಸ್ವರ ಹಿಡಿಸಿ. ತುಟಿ ನೊಂದರೆ ಅಂದಿಗೆ ಸಾಕು ಮಾಡಿಸಿ. ಮತ್ತೆ, ಪಕ್ಕದ ಮನೆಯವರಿಗೆ ಮುಂಚೆಯೇ ಒಂದು ಮಾತು ಹೇಳಿಡಿ.