ಎಸ್.ಪಿ. ರಸ್ತೆ ಮತ್ತು ಇನ್ನೊಬ್ಬರ ಹೆಸರಿನ ಲ್ಯಾಪ್‌ಟಾಪ್

ಬೆಂಗಳೂರಿನ ಎಸ್.ಪಿ. ರಸ್ತೆಗೆ ಕಾರಲ್ಲಿ ಹೋಗೋ ಸಾಹಸ ಮಾತ್ರ ಬೇಡ. ಕೆ.ಆರ್. ಮಾರುಕಟ್ಟೆ ಅಥವಾ ಚಿಕ್ಕಪೇಟೆ, ಯಾವ ಮೆಟ್ರೊ ನಿಲ್ದಾಣದಲ್ಲಿ ಇಳಿದರೂ ನಡೆದೇ ಹೋಗಬಹುದು. ರಸ್ತೆಯ ಪೂರ್ತಿ ಹೆಸರು ಸಾದರ ಪತ್ರಪ್ಪ ರಸ್ತೆ. ಹಾಗಂತ ಕೇಳಿದ್ರೆ ಆಟೋದವರೂ ಒಂದು ಕ್ಷಣ ಯೋಚಿಸ್ತಾರೆ. ‘ಎಸ್.ಪಿ. ರೋಡ್’ ಅಂದ್ರೆ ಸಾಕು, ಬಾಡಿಗೆ ಹೇಳೋಕೆ ಶುರು ಮಾಡ್ತಾರೆ.

ಒಂದು ಕಡೆ ನಗರ್ತಪೇಟೆ, ಇನ್ನೊಂದು ಕಡೆ ಹಳೇ ಪುಸ್ತಕಗಳ ಅವೆನ್ಯೂ ರಸ್ತೆ. ನಡುವಿನ ಈ ಗಲ್ಲಿಗಳಲ್ಲಿ ಸಿಸಿಟಿವಿ, ಕೇಬಲ್, ಮದರ್‌ಬೋರ್ಡ್, ಎಲ್ಲಿಗೆ ಸೇರಿದ್ದೋ ತಿಳಿಯದ ಸ್ಕ್ರೂಗಳು. ಅಂಗಡಿಯೊಳಗೆ ಇಬ್ಬರು ನಿಂತರೆ ಮೂರನೆಯವರು ಮೆಟ್ಟಿಲ ಮೇಲೆ ಕಾಯಬೇಕು. ಕನ್ನಡ, ಹಿಂದಿ, ತಮಿಳು, ಉರ್ದು ಎಲ್ಲ ಒಂದೇ ವಾಕ್ಯದಲ್ಲಿ ಬರುತ್ತೆ. ಭಾನುವಾರ ಬಹುಪಾಲು ಷಟರ್ ಇಳಿದಿರುತ್ತೆ, ಆ ದಿನ ಹೋಗಬೇಡಿ.

ನಾವು ಕೆಲಸ ಬಿಡುವಾಗ ಎಚ್‌ಆರ್ ಕೈಗೆ ವಾಪಸ್ ಕೊಟ್ಟು ಬರ್ತೀವಲ್ಲ, ಆ ಲ್ಯಾಪ್‌ಟಾಪ್‌ಗಳು ಎಲ್ಲಿಗೆ ಹೋಗುತ್ತೆ ಅಂತ ಯಾವತ್ತಾದರೂ ಯೋಚಿಸಿದ್ದೀರಾ? ಅದರಲ್ಲಿ ಸುಮಾರು ಪಾಲು ಇಂಥ ಬೀದಿಗಳಿಗೆ ಬರುತ್ತೆ. ಕಂಪನಿಗಳು ಮೂರ್ನಾಲ್ಕು ವರ್ಷ ಬಳಸಿ ನೂರಾರನ್ನು ಒಟ್ಟಿಗೆ ಮಾರುತ್ತವೆ. ಇಲ್ಲಿನ ಮಾತಲ್ಲಿ ಅದು ‘ಲಾಟ್’, ಒಂದೊಂದು ಯಂತ್ರ ‘ಪೀಸ್’. ನಿನ್ನೆ ತನಕ ಏಸಿ ರೂಮಲ್ಲಿ ಮೀಟಿಂಗ್ ಮಾಡ್ತಿದ್ದ ಪೀಸು ಇವತ್ತು ಇಲ್ಲಿ ಇಟ್ಟಿಗೆ ಥರ ಒಂದರ ಮೇಲೊಂದು ಕೂತಿರುತ್ತೆ. ಬೆನ್ನ ಮೇಲೆ ಅರ್ಧ ಕೆರೆದ ಸ್ಟಿಕ್ಕರ್, ಅದರ ಅಂಟು.

ಆ ಶನಿವಾರ ನನ್ನ ಜೊತೆ ಇದ್ದವಳು ಚಿಕ್ಕಮ್ಮನ ಮಗಳು. ತಿಪಟೂರಿನವಳು, ಬಿ.ಕಾಂ. ಮುಗಿಸಿದ್ದಾಳೆ. ಒಬ್ಬ ಲೆಕ್ಕಪರಿಶೋಧಕರ ಬಳಿ ಮನೆಯಿಂದಲೇ ಜಿಎಸ್‌ಟಿ ರಿಟರ್ನ್ ತುಂಬೋ ಕೆಲಸ ಸಿಕ್ಕಿತ್ತು. ಚೀಟಿ ದುಡ್ಡು ಎತ್ತಿ 22 ಸಾವಿರಕ್ಕೆ ಊರ ಕಡೆಯ ಒಂದು ಅಂಗಡಿಯಲ್ಲಿ ಹಳೇ ಲ್ಯಾಪ್‌ಟಾಪ್ ಕೊಂಡಿದ್ದಳು. ಯೂಟ್ಯೂಬ್, ವರ್ಡ್ ಎಲ್ಲ ಓಡುತ್ತಿತ್ತು. ಟ್ಯಾಲಿ ಹಾಕೋಕೆ ಹೋದಾಗ ‘ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಕೊಡಿ’ ಅಂತ ಪೆಟ್ಟಿಗೆಯೊಂದು ಎದ್ದು ನಿಂತಿತು. ಡಿಜಿಟಲ್ ಸಹಿಯ ಟೋಕನ್‌ಗೆ ಡ್ರೈವರ್ ಹಾಕೋಕೆ ಹೋದರೂ ಅದೇ ಪೆಟ್ಟಿಗೆ. ಮಾರಿದವರು ಫೋನಲ್ಲಿ, ‘ಲಾಟಲ್ಲಿ ಬಂದಿದ್ದಮ್ಮ, ನಂಗೇನು ಗೊತ್ತು?’ ಅಂದರು.

ಆವತ್ತು 13ನೇ ತಾರೀಖು. 20ರೊಳಗೆ ಕಕ್ಷಿದಾರರ ಜಿಎಸ್‌ಟಿಆರ್-3ಬಿ ಸಲ್ಲಿಸಬೇಕು. ನನ್ನ ಲ್ಯಾಪ್‌ಟಾಪ್ ಕೊಡೋಣ ಅಂದ್ರೆ ಅದು ಆಫೀಸಿನದು, ಅದರಲ್ಲಿ ನನಗೇ ಅಡ್ಮಿನ್ ಹಕ್ಕಿಲ್ಲ!

ಮೊದಲು ಹೋದ ಅಂಗಡಿಯವರು ಯಂತ್ರ ತೆರೆಯದೇನೇ ಬೆಲೆ ಹೇಳಿದರು. ‘ಐನೂರು ಕೊಡಿ, ಹತ್ತು ನಿಮಿಷ.’ ಅದೇನೋ ನನಗೆ ಹಿಡಿಸಲಿಲ್ಲ. ಎರಡನೇ ಅಂಗಡಿಯ ಹುಡುಗನಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ‘ಬಿಲ್ ಇದ್ಯಾ ಮೇಡಂ?’ ಅನ್ನೋದೇ ಅವನ ಮೊದಲ ಪ್ರಶ್ನೆ. ಇತ್ತು. ಆಮೇಲೆ ಮಗುಚಿ, ಅಡಿಯಲ್ಲಿದ್ದ ಸೀರಿಯಲ್ ನಂಬರನ್ನು ಬಿಲ್ಲಿನ ಜೊತೆ ತಾಳೆ ನೋಡಿದ.

ಈ ಬೀಗಗಳು ಒಂದೇ ಥರದವಲ್ಲ ಅಂತ ಅವನಿಂದಲೇ ನನಗೆ ಸರಿಯಾಗಿ ಅರ್ಥವಾಗಿದ್ದು. ವಿಂಡೋಸ್‌ನಲ್ಲಿ ಅಡ್ಮಿನ್ ಖಾತೆ ಬೇರೆಯವರದು, ನಮ್ಮದು ಬರೀ ಸಾಮಾನ್ಯ ಬಳಕೆದಾರನ ಖಾತೆ ಅಂದ್ರೆ ಅದು ಸುಲಭದ ಬೀಗ. ಫೈಲುಗಳನ್ನು ನಕಲು ಮಾಡ್ಕೊಂಡು, ಪೆನ್‌ಡ್ರೈವ್‌ನಿಂದ ವಿಂಡೋಸ್ ಹೊಸದಾಗಿ ಹಾಕಿದ್ರೆ ಮುಗೀತು. ಆಗ ಮೊದಲು ಮಾಡಿದ ಖಾತೆಯೇ ಅಡ್ಮಿನ್. ವಿಂಡೋಸ್ ಪರವಾನಗಿ ಸಾಮಾನ್ಯವಾಗಿ ಮದರ್‌ಬೋರ್ಡಿಗೇ ಅಂಟಿಕೊಂಡಿರುತ್ತೆ, ಮತ್ತೆ ದುಡ್ಡು ಕೊಡಬೇಕಿಲ್ಲ. ಡಿಸ್ಕಿಗೆ ಬಿಟ್‌ಲಾಕರ್ ಇದ್ದು 48 ಅಂಕಿಯ ಕೀ ಇಲ್ಲದಿದ್ದರೆ ಒಳಗಿನ ಫೈಲು ಸಿಗಲ್ಲ, ಆದರೆ ಡಿಸ್ಕ್ ಅಳಿಸಿ ಯಂತ್ರ ಬಳಸಬಹುದು. ಬಯೋಸ್‌ಗೇ ಪಾಸ್‌ವರ್ಡ್ ಇದ್ದರೆ ಕಷ್ಟ ಜಾಸ್ತಿ. ಕೆಲವು ಆಫೀಸ್ ಮಾಡೆಲ್‌ಗಳಲ್ಲಿ ಮದರ್‌ಬೋರ್ಡನ್ನೇ ಬದಲಿಸಬೇಕಾಗುತ್ತೆ.

ನಮ್ಮದರಲ್ಲಿ ಬಯೋಸ್ ಏನೂ ಕೇಳದೆ ತೆರೆಯಿತು. ಬಿಟ್‌ಲಾಕರ್ ಇರಲಿಲ್ಲ. ‘ಚಿಂತೆ ಇಲ್ಲ’ ಅಂತ ಹುಡುಗ ಪೆನ್‌ಡ್ರೈವ್ ಸಿಕ್ಕಿಸಿದ. ನಾವು ಎದುರಿನ ತಳ್ಳುಗಾಡಿಯಲ್ಲಿ ಕಾಫಿ ಕುಡಿದು ಬಂದೆವು. ಹೊಸ ವಿಂಡೋಸ್ ಎದ್ದಿತ್ತು. ಭಾಷೆ, ಕೀಬೋರ್ಡ್, ವೈಫೈ. ತನ್ನ ಫೋನಿನ ಹಾಟ್‌ಸ್ಪಾಟ್ ಕೊಟ್ಟ.

ಒಂದು ನಿಮಿಷ ತಿರುಗಿ ತಿರುಗಿ, ತೆರೆ ಮೇಲೆ ಒಂದು ಕಂಪನಿಯ ಲೋಗೊ ಬಂತು. ಸ್ವಾಗತ, ನಿಮ್ಮ ಆಫೀಸ್ ಇಮೇಲ್ ಹಾಕಿ ಅನ್ನೋ ಅರ್ಥದ ಇಂಗ್ಲಿಷ್ ಸಾಲು.

‘ಇದು ಪಾಸ್‌ವರ್ಡ್ ಅಲ್ಲ ಮೇಡಂ, ಮಾಲೀಕರ ಹೆಸರು’ ಅಂದ ಹುಡುಗ.

ಇದಕ್ಕೆ ಆಟೋಪೈಲಟ್ ಅಂತಾರೆ. ಯಂತ್ರದ ಗುರುತನ್ನು ಕಂಪನಿ ಮೈಕ್ರೋಸಾಫ್ಟ್‌ನ ಸರ್ವರ್‌ನಲ್ಲಿ ತನ್ನ ಹೆಸರಿಗೆ ನೋಂದಾಯಿಸಿರುತ್ತೆ. ಡಿಸ್ಕ್ ಅಳಿಸಿ, ಬದಲಿಸಿ, ವಿಂಡೋಸ್ ಸೆಟಪ್ ಹೊತ್ತಿನಲ್ಲಿ ನೆಟ್ ಸಿಕ್ಕ ತಕ್ಷಣ ಅದು ಹಳೇ ಮನೆ ನೆನಪಿಸಿಕೊಳ್ಳುತ್ತೆ. ಮಾರಿದವರು ನೆಟ್ ಕೊಡದೆ ವಿಂಡೋಸ್ ಹಾಕಿ, ಅಡ್ಮಿನ್ ಖಾತೆಗೆ ತಮ್ಮದೇ ಪಾಸ್‌ವರ್ಡ್ ಇಟ್ಟು, ಇವಳಿಗೆ ಸಾಮಾನ್ಯ ಖಾತೆ ಕೊಟ್ಟಿರಬೇಕು. ರೀಸೆಟ್ ಮಾಡಿದ್ರೆ ಗುಟ್ಟು ಹೊರಬೀಳುತ್ತೆ ಅಂತ ಅವರಿಗೆ ಗೊತ್ತಿತ್ತು ಅನ್ನೋದು ನನ್ನ ಅನುಮಾನ. ಮೊದಲ ಅಂಗಡಿಯ ‘ಹತ್ತು ನಿಮಿಷ’ವೂ ಬಹುಶಃ ಇದೇ ವಿದ್ಯೆ.

ತಂಗಿಯ ಮುಖ ಬಾಡಿತು. ‘ಅಕ್ಕಾ, ಇದು ಕದ್ದ ಮಾಲಾಗಿದ್ರೆ?’ ಅಂದಳು ಮೆಲ್ಲಗೆ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಹುಡುಗನಿಗೂ ನೆಟ್ ಇಲ್ಲದೆ ದಾಟಿಸೋ ದಾರಿ ಗೊತ್ತಿತ್ತು. ಮಾಡಲ್ಲ ಅಂದ. ‘ನಾಳೆ ಕೆಟ್ಟು ಮತ್ತೆ ರೀಸೆಟ್ ಮಾಡಿದ್ರೆ ಇದೇ ಪುಟ ಬರುತ್ತೆ. ನೀವು ಬೇರೆಯವರ ಲೆಕ್ಕ ಬರೆಯೋ ಯಂತ್ರ, ಯಾಕೆ ರಿಸ್ಕ್? ಹೆಸರು ಅವರೇ ತೆಗೀಬೇಕು, ಅವರಿಗೇ ಬರೀರಿ’ ಅಂದ. ಮಾರಿದವರಿಗೆ ಮತ್ತೆ ಫೋನ್ ಮಾಡಿದೆ. ಈ ಸಲ ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತಾಡಿದೆ, ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಸಂಜೆಯೊಳಗೆ ತಾವು ಲಾಟ್ ಕೊಂಡ ಬಿಲ್ಲಿನ ಫೋಟೊ ಕಳಿಸಿದರು.

ರಾತ್ರಿ ನನ್ನ ರೂಮಲ್ಲಿ ಕೂತು ಆ ಕಂಪನಿಯ ಐಟಿ ವಿಭಾಗಕ್ಕೆ ಮೇಲ್ ಬರೆದೆವು. ಸೀರಿಯಲ್ ನಂಬರ್, ಎರಡೂ ಬಿಲ್, ಆ ಲೋಗೊ ಪುಟದ ಫೋಟೊ. ನೀವು ಮಾರಿದ್ದೇ ಆಗಿದ್ದರೆ ದಯವಿಟ್ಟು ನೋಂದಣಿ ತೆಗೆಯಿರಿ, ಅಲ್ಲದಿದ್ದರೆ ತಿಳಿಸಿ, ಯಂತ್ರ ವಾಪಸ್ ಕೊಡುತ್ತೇವೆ. ಕೊನೆಯ ವಾಕ್ಯ ಸೇರಿಸಿದ್ದು ಅವಳೇ. 22 ಸಾವಿರ ಅವಳದ್ದು, ನಾನಾಗಿದ್ದರೆ ಬರೀತಿದ್ನೋ ಇಲ್ವೋ.

ಭಾನುವಾರ, ಸೋಮವಾರ, ಮಂಗಳವಾರ ಏನೂ ಇಲ್ಲ. ಅವಳು ಊಟ ಮಾಡುವಾಗಲೂ ಫೋನ್ ಪಕ್ಕದಲ್ಲೇ ಇಟ್ಕೊಂಡಿದ್ದಳು. ಚಿಕ್ಕಮ್ಮ ಫೋನ್ ಮಾಡಿದ್ರೆ ‘ಎಲ್ಲ ಸರಿಯಾಗಿದೆ’ ಅಂತಿದ್ದಳು. ಬುಧವಾರ ಬೆಳಿಗ್ಗೆ ಉತ್ತರ ಬಂತು. ಕಳೆದ ವರ್ಷ ವಿಲೇವಾರಿ ಮಾಡಿದ್ದು ನಿಜ, ಪಟ್ಟಿಯಿಂದ ತೆಗೆಯೋದು ಬಿಟ್ಟು ಹೋಗಿತ್ತು, ಈಗ ತೆಗೆದಿದ್ದೇವೆ ಅಂತ ನಾಲ್ಕು ಸಾಲು. ಸಂಜೆ, ಹುಡುಗ ಕೊಟ್ಟಿದ್ದ ಪೆನ್‌ಡ್ರೈವ್‌ನಿಂದ ಅವಳೇ ಮತ್ತೆ ವಿಂಡೋಸ್ ಹಾಕಿದಳು. ವೈಫೈ ಕೊಟ್ಟಾಗ ಇಬ್ಬರೂ ಮಾತಾಡಲಿಲ್ಲ. ಲೋಗೊ ಬರಲಿಲ್ಲ. ಖಾತೆಯ ಹೆಸರು ಕೇಳಿತು, ತನ್ನ ಹೆಸರು ಒತ್ತಿದಳು. ದಿನದ ಕೆಲಸಕ್ಕೆ ಇನ್ನೊಂದು ಸಾಮಾನ್ಯ ಖಾತೆಯನ್ನೂ ಮಾಡಿದಳು, ಕಂಡಿದ್ದೆಲ್ಲ ಕೇಳದೆ ಕೂರಬಾರದು ನೋಡಿ. ಟೋಕನ್ನೂ ಕೂತಿತು, ಟ್ಯಾಲಿಯೂ ಕೂತಿತು.

ನೀವು ಹಳೇ ಆಫೀಸ್ ಲ್ಯಾಪ್‌ಟಾಪ್ ಕೊಳ್ಳೋದಾದರೆ ಅಂಗಡಿಯಲ್ಲೇ ರೀಸೆಟ್ ಮಾಡಿಸಿ, ನಿಮ್ಮ ಹಾಟ್‌ಸ್ಪಾಟ್ ಕೊಟ್ಟು ಮೊದಲ ಪುಟ ನೋಡಿ, ಆಮೇಲೆ ದುಡ್ಡು ಕೊಡಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಇರಲಿ. ಒಪ್ಪದ ಅಂಗಡಿಯಿಂದ ಎದ್ದು ಬನ್ನಿ, ಎಸ್.ಪಿ. ರಸ್ತೆಯಲ್ಲಿ ಅಂಗಡಿಗಳಿಗೇನು ಬರ.

ಶನಿವಾರ ಪೆನ್‌ಡ್ರೈವ್ ವಾಪಸ್ ಕೊಡೋಕೆ ನಾನೊಬ್ಬಳೇ ಹೋದೆ. ಹುಡುಗ ಮುನ್ನೂರು ತಗೊಂಡ. ‘ಬಿಟ್ಟರಾ?’ ಅಂತ ಕೇಳಿ, ಆ ಮೇಲ್ ಓದಿ, ಕಂಪನಿಯ ವಿಳಾಸವನ್ನು ರಟ್ಟಿನ ಡಬ್ಬದ ಮೇಲೆ ಬರ್ಕೊಂಡ. ಅವನ ಕಪಾಟಲ್ಲಿ ಅದೇ ಲೋಗೊದ ಇನ್ನೂ ಎರಡು ಪೀಸು ಆರು ತಿಂಗಳಿಂದ ಕೂತಿದ್ದವಂತೆ.