ರೂಟಿನಲ್ಲೇ ಹೇಳಿಬಿಡಿ

ಸ್ನೇಹಿತರೊಬ್ಬರು ಕಳಿಸಿದ ಯಕ್ಷಗಾನ ಪ್ರಸಂಗದ ಎಕ್ಸ್‌ಎಂಎಲ್ ಫೈಲು ತೆರೆದರೆ ಮೊದಲ ಪುಟದಲ್ಲೇ ಸಿಟ್ಟು ಬಂತು. ‘ಪದ’ ಎಂಬ ಟ್ಯಾಗಿಗೆ ಪ್ರಿಫಿಕ್ಸೇ ಇಲ್ಲ. ಬದಲಿಗೆ ನಾಲ್ಕಾರು ಸಾಲಿಗೊಮ್ಮೆ, ಪ್ರಿಫಿಕ್ಸ್ ಇಲ್ಲದ ಹೆಸರು ಯಾವ ಮನೆಗೆ ಸೇರಿದ್ದೆಂದು ಹೇಳುವ ಡೀಫಾಲ್ಟ್ ನೇಮ್‌ಸ್ಪೇಸನ್ನೇ ಬದಲಿಸಿದ್ದಾರೆ. ಹೊರಗಿನ ‘ಪದ’ ಭಾಗವತರು ಹಾಡುವುದು, ಅದರೊಳಗಿನ ‘ಪದ’ ನಿಘಂಟಿನದು. ತಾಳಮದ್ದಳೆಯ ರೆಕಾರ್ಡಿಂಗ್ ಕೇಳಿ ಬರೆದುಕೊಂಡ ಮಾತುಗಾರಿಕೆಯ ‘ಅರ್ಥ’ಕ್ಕೂ ಶಬ್ದದ ‘ಅರ್ಥ’ಕ್ಕೂ ಅದೇ ಗತಿ.

ಇಂಥ ಗೊಂದಲ ತಪ್ಪಿಸಲೆಂದೇ ಟಿಮ್ ಬ್ರೇ, ಡೇವ್ ಹಾಲಂಡರ್, ಆಂಡ್ರ್ಯೂ ಲೇಮನ್ ಸಂಪಾದಿಸಿದ ನೇಮ್‌ಸ್ಪೇಸ್ ನಿಯಮಗಳು 1999ರ ಜನವರಿಯಲ್ಲಿ ಬಂದವು. 1998ರ ಎಕ್ಸ್‌ಎಂಎಲ್ ಮೊದಲ ಆವೃತ್ತಿಯಲ್ಲೇ ಟ್ಯಾಗಿನ ಹೆಸರು ಕನ್ನಡದಲ್ಲಿರಬಹುದಿತ್ತು. ಹಾಗಾಗಿ ಪೆರ್ಡೂರಿನಲ್ಲಿ ಕೂತು ‘ಯ:ಪದ’, ‘ನಿ:ಪದ’ ಎಂದು ಬರೆಯಬಲ್ಲೆ. ಆ ಎರಡು ಹೆಸರು ಒಂದೇ ಸಾಲಿನಲ್ಲಿ ಜಗಳವಿಲ್ಲದೆ ನಿಂತದ್ದನ್ನು ನೋಡುವುದೇ ನನಗೆ ದೊಡ್ಡ ಖುಷಿ.

ನನ್ನ ಕ್ರಮ ಒಂದೇ: ಎಲ್ಲ ನೇಮ್‌ಸ್ಪೇಸುಗಳನ್ನೂ ರೂಟ್ ಟ್ಯಾಗಿನಲ್ಲೇ ಘೋಷಿಸಬೇಕು, ಡೀಫಾಲ್ಟ್ ಇಡಲೇಬಾರದು, ಒಂದು ಪ್ರಿಫಿಕ್ಸಿಗೆ ಕೊನೆಯವರೆಗೂ ನೇಮ್‌ಸ್ಪೇಸನ್ನು ಗುರುತಿಸುವ ಒಂದೇ ಯುಆರ್‌ಐ.

ಸ್ನೇಹಿತರಿಗೆ ಫೋನಿನಲ್ಲಿ ಇದನ್ನು ಹೇಳಿದರೆ, “ಎಷ್ಟು ಅಕ್ಷರ ಉಳಿತದೆ ನೋಡಿ ಮಾರಾಯ್ರೆ” ಎಂದರು. ಉಳಿದದ್ದು ಟ್ಯಾಗಿಗೊಂದು ಅಕ್ಷರ, ಒಂದು ಕೋಲನ್! ಅದಕ್ಕೆ ತೆತ್ತದ್ದೇನು? ಫೈಲಿನಲ್ಲಿ ಹುಡುಕಲು ಬಳಸುವ ಎಕ್ಸ್‌ಪಾತ್ 1.0ರಲ್ಲಿ ಪ್ರಿಫಿಕ್ಸ್ ಇಲ್ಲದ ಹೆಸರೆಂದರೆ ಯಾವ ನೇಮ್‌ಸ್ಪೇಸಿಗೂ ಸೇರದ ಹೆಸರು. ಕಣ್ಣೆದುರು ನೂರಾರು ‘ಪದ’ ಇದ್ದರೂ ಹುಡುಕಿದರೆ ಒಂದೂ ಸಿಗದು, ಎರರ್ ಕೂಡ ಬಾರದು. ಇನ್ನು ‘ತಾಳ’ ಎಂಬ ಆಟ್ರಿಬ್ಯೂಟಿಗೆ ಡೀಫಾಲ್ಟ್ ಅನ್ವಯಿಸುವುದೇ ಇಲ್ಲ; ಅನ್ವಯಿಸುತ್ತದೆಂದು ನಂಬಿ ಅದೆಷ್ಟು ಜನ ಸ್ಟೈಲ್‌ಶೀಟ್ ಬರೆಯುತ್ತಾರೋ! ಯುಆರ್‌ಐಗಳನ್ನು ಅಕ್ಷರಕ್ಕಕ್ಷರ ಹೋಲಿಸುವುದರಿಂದ ಕೊನೆಯಲ್ಲೊಂದು ಓರೆಗೆರೆ ಹೆಚ್ಚಾದರೂ ಅದು ಬೇರೆಯೇ ನೇಮ್‌ಸ್ಪೇಸ್. ಇಷ್ಟು ಸೂಕ್ಷ್ಮವಾದದ್ದನ್ನು ಫೈಲಿನ ನಡುವೆ ಹತ್ತು ಕಡೆ ಚೆಲ್ಲುವವರ ಮೇಲೆ ನನಗೆ ನಿಜಕ್ಕೂ ಕೋಪವಿದೆ. ಮುಂದೆ ಅದನ್ನು ಓದಬೇಕಾದವರ ಬಗ್ಗೆ ಅವರಿಗೆ ಕಾಳಜಿಯಿಲ್ಲ. ಅನುಮಾನ ಬಂದಾಗ ನಾನು ಎಕ್ಸ್‌ಎಂಎಲ್ ತಜ್ಞ ಜೇಮ್ಸ್ ಕ್ಲಾರ್ಕ್ ತೋರಿಸಿದಂತೆ ಯುಆರ್‌ಐಯನ್ನು ಪುಷ್ಪಾವರಣದಲ್ಲಿಟ್ಟು ಮುಂದೆ ಹೆಸರು ಬರೆದು ನೋಡುತ್ತೇನೆ. ಪ್ರಿಫಿಕ್ಸಿನ ಮರೆಯಿಲ್ಲದೆ ಯಾರು ಯಾವ ಮನೆಯವರೆಂದು ತಿಳಿಯುತ್ತದೆ.

ಅದೇ ಫೈಲಿನಲ್ಲಿ ಇನ್ನೊಂದು ವಿಚಾರ ಸಿಕ್ಕಿತು. ಸ್ನೇಹಿತರು ತೆಂಕುತಿಟ್ಟಿಗೊಂದು, ಬಡಗುತಿಟ್ಟಿಗೊಂದು ನೇಮ್‌ಸ್ಪೇಸ್ ಮಾಡಿದ್ದಾರೆ. ನಮ್ಮ ಪೆರ್ಡೂರು ಮೇಳ ಬಡಗು, ಕಟೀಲಿನ ಮೇಳಗಳು ತೆಂಕು. ಚೆಂಡೆ ಬೇರೆ, ಹೆಜ್ಜೆ ಬೇರೆ, ಕಿರೀಟ ಬೇರೆ ಎಂಬುದು ಸರಿ. ಆದರೆ ಪಾರ್ತಿಸುಬ್ಬನ ‘ಪಂಚವಟಿ’ಯನ್ನು ಎರಡೂ ತಿಟ್ಟಿನವರು ಆಡುತ್ತಾರೆ. ಪದ ಅದೇ, ಹಾಡುವ ರೀತಿ ಬೇರೆ. ಅದಕ್ಕೆ ‘ತಿಟ್ಟು’ ಎಂಬ ಆಟ್ರಿಬ್ಯೂಟ್ ಸಾಕು. ಎರಡು ನೇಮ್‌ಸ್ಪೇಸ್ ಮಾಡಿದರೆ ಯಂತ್ರದ ಲೆಕ್ಕದಲ್ಲಿ ಅವು ಸಂಬಂಧವೇ ಇಲ್ಲದ ಎರಡು ಕಲೆಗಳಾಗುತ್ತವೆ. ಅದನ್ನು ಮಾತ್ರ ನಾನು ಒಪ್ಪಲಾರೆ. ನಾಳೆ ಅವರಿಗೆ ಇನ್ನೊಮ್ಮೆ ಫೋನು ಮಾಡುವುದಿದೆ.